ಮೂತ್ರದಲ್ಲಿ ಕೋಬಾಲ್ಟ್, ಕಡತದಲ್ಲಿ ‘ಪುರಾವೆ ಇಲ್ಲ’

ಕಳೆದ ಡಿಸೆಂಬರ್‌ನಲ್ಲಿ, ಅಂದ್ರೆ 2025ರ ಚಳಿಗಾಲದ ಅಧಿವೇಶನದಲ್ಲಿ, ಕೇಂದ್ರ ಪರಿಸರ ಸಚಿವಾಲಯ ರಾಜ್ಯಸಭೆಗೆ ಒಂದು ಉತ್ತರ ಕೊಟ್ಟಿತು. ಎಕ್ಯೂಐ ಏರಿಕೆಗೂ ಶ್ವಾಸಕೋಶದ ಕಾಯಿಲೆಗೂ ನೇರ ಸಂಬಂಧ ಇದೆ ಅಂತ ಸ್ಥಾಪಿಸುವ ನಿರ್ಣಾಯಕ ದತ್ತಾಂಶ ಇಲ್ಲ ಎಂಬುದು ಅದರ ಸಾರ. ಉಸಿರಾಟದ ಕಾಯಿಲೆಗಳನ್ನು ಕೆರಳಿಸುವ ಕಾರಣಗಳಲ್ಲಿ ಮಾಲಿನ್ಯವೂ ಒಂದು ಅಂತ ಅದೇ ಉತ್ತರದಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಸುದ್ದಿಯಾಗಿದ್ದು ಮೊದಲ ಸಾಲು. ಸಂಸತ್ತಿನ ಕಲಾಪ ಓದುವ ಅಭ್ಯಾಸ ಇದ್ದವರಿಗೆ ಇದು ಹೊಸದೇನಲ್ಲ, ವರ್ಷಗಳಿಂದ ಸ್ವಲ್ಪ ಪದ ಆಚೀಚೆ ಮಾಡಿ ಇದೇ ಉತ್ತರ ಬರ್ತಾ ಇದೆ. 2019ರಲ್ಲಿ ದೇಶದಲ್ಲಿ 16.7 ಲಕ್ಷ ಸಾವುಗಳಿಗೆ ವಾಯುಮಾಲಿನ್ಯ ಕಾರಣ ಅಂತ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್‌ನಲ್ಲಿ ಬಂದ ಅಂದಾಜಿನಲ್ಲಿ ಸರ್ಕಾರದ್ದೇ ಐಸಿಎಂಆರ್ ಪಾಲುದಾರ ಸಂಸ್ಥೆಯಾಗಿತ್ತು ಅನ್ನೋದು ಬೇರೆ ಮಾತು.

ನನಗೆ ಕುತೂಹಲ ಇರೋದು ‘ನಿರ್ಣಾಯಕ’ ಎಂಬ ಪದದ ಬಗ್ಗೆ. ಏನು ಸಿಕ್ಕರೆ ಅದು ನಿರ್ಣಾಯಕ ಆಗುತ್ತೆ? ಗಾಳಿಯಲ್ಲಿ ಏನಿದೆ ಅಂತ ಅಳೆದರೆ ಸಾಲದು, ಮನುಷ್ಯರ ಮೈಯೊಳಗೆ ಏನು ಹೋಗಿದೆ ಅಂತ ತೋರಿಸಿ ಅನ್ನೋದಾದರೆ, ಅದಕ್ಕೂ ವಿಜ್ಞಾನ ಇದೆ. ರಕ್ತ, ಮೂತ್ರ, ಕಫ, ಕೊನೆಗೆ ಉಸಿರಿನ ಹನಿಯಲ್ಲೂ ಲೋಹದ ಸೂಕ್ಷ್ಮ ಅಂಶಗಳನ್ನು ಹುಡುಕುವ ವಿಜ್ಞಾನ. ಕ್ಯಾಡ್ಮಿಯಂ, ಕೋಬಾಲ್ಟ್, ಕ್ರೋಮಿಯಂ, ತಾಮ್ರ, ಸತು. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಯಂತ್ರ ಹಿಡಿಯುತ್ತೆ. ಹಾಗಾದರೆ ಒಂದು ಮೂತ್ರ ಪರೀಕ್ಷೆ ಮಾಡಿ ‘ಇಗೋ ನಿಮ್ಮ ಪುರಾವೆ’ ಅಂತ ಟೇಬಲ್ ಮೇಲೆ ಇಡಬಹುದಲ್ಲ? ಇಡಬಹುದು, ಆದರೆ ಆ ಪುರಾವೆ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದು ಗೊತ್ತಿಲ್ಲದೆ ಇಟ್ಟರೆ ಅದು ಎದುರಿನವರ ಕೈಗೇ ಅಸ್ತ್ರ ಆಗುತ್ತೆ. ಈ ಲೇಖನ ಅದರ ಬಗ್ಗೆ.

ಒಂದು ಹಳೆಯ ಶೆಡ್‌ನಿಂದ ಶುರು ಮಾಡ್ತೀನಿ. ನಾನು ಓದಿದ್ದು ಮೆಕ್ಯಾನಿಕಲ್. ಮೂರನೇ ವರ್ಷದ ರಜೆಯಲ್ಲಿ ಬೆಂಗಳೂರಿನ ಹೊರವಲಯದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಆರು ವಾರ ತರಬೇತಿಗೆ ಹೋಗಿದ್ದೆ. ಮೊಂಡಾದ ಕಾರ್ಬೈಡ್ ಟೂಲ್‌ಗಳನ್ನು ಮತ್ತೆ ಸಾಣೆ ಹಿಡಿದು ಕೊಡೋದು ಅಲ್ಲಿನ ಕೆಲಸ. ಎಂಟು ಹತ್ತು ಜನ, ಎರಡು ಎಕ್ಸಾಸ್ಟ್ ಫ್ಯಾನ್, ಅದರಲ್ಲಿ ಒಂದು ಕೆಟ್ಟಿತ್ತು. ಗ್ರೈಂಡರ್ ಮುಂದೆ ಕೂರ್ತಿದ್ದ ಹಿರಿಯರೊಬ್ಬರು ಮಧ್ಯಾಹ್ನದ ಬುತ್ತಿ ಬಿಚ್ಚೋ ಹೊತ್ತಿಗೆ ಕೆಮ್ಮಿ ಕೆಮ್ಮಿ ಸುಸ್ತಾಗಿರ್ತಿದ್ದರು. ‘ಡಾಕ್ಟ್ರಿಗೆ ತೋರಿಸಿದ್ರಾ ಅಣ್ಣ?’ ಅಂತ ಕೇಳಿದ್ದೆ. ‘ಟಿಬಿ ಮಾತ್ರೆ ಆರು ತಿಂಗಳು ನುಂಗಿದೀನಿ ತಮ್ಮಾ. ಭಾನುವಾರ ಮನೇಲಿದ್ರೆ ಸ್ವಲ್ಪ ಹಗುರ ಅನ್ಸುತ್ತೆ, ಸೋಮವಾರ ಮತ್ತೆ ಶುರು’ ಅಂದಿದ್ದರು. ನಾನು ಆ ಮಾತನ್ನು ಕೇಳಿ ಸುಮ್ಮನಾದೆ. ಟೂಲ್‌ನ ರೇಕ್ ಆ್ಯಂಗಲ್ ಎಷ್ಟು ಅಂತ ಬರೆದುಕೊಂಡೆನೇ ಹೊರತು, ಭಾನುವಾರ ಮತ್ತು ಸೋಮವಾರ ಅಂತ ಬರೆದುಕೊಳ್ಳಲಿಲ್ಲ. ಪತ್ರಕರ್ತನಾದ ಮೇಲೆ ಔದ್ಯೋಗಿಕ ಕಾಯಿಲೆಗಳ ಬಗ್ಗೆ ಓದುವಾಗ ಗೊತ್ತಾಯಿತು, ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆಯ ಉತ್ತರವನ್ನು ಅವರು ಯಾರೂ ಕೇಳದೆಯೇ ಹೇಳಿಬಿಟ್ಟಿದ್ದರು ಅಂತ.

ಕಾರ್ಬೈಡ್ ಟೂಲ್ ಅಂದರೆ ಟಂಗ್‌ಸ್ಟನ್ ಕಾರ್ಬೈಡ್‌ನ ಕಣಗಳನ್ನು ಕೋಬಾಲ್ಟ್ ಲೋಹದಿಂದ ಅಂಟಿಸಿ ಬೇಯಿಸಿದ್ದು. ಗೋಡೆಗೆ ಜಲ್ಲಿ ಮತ್ತು ಸಿಮೆಂಟ್ ಹೇಗೋ ಹಾಗೆ, ಇಲ್ಲಿ ಕೋಬಾಲ್ಟ್ ಸಿಮೆಂಟಿನ ಜಾಗದಲ್ಲಿದೆ. ಸಾಣೆ ಹಿಡಿದಾಗ ಎದ್ದ ಧೂಳು ಒಳಗೆ ಹೋದರೆ ಕೆಲವರಿಗೆ ಆಸ್ತಮಾ ಬರುತ್ತೆ, ಕೆಲವರಿಗೆ ಶ್ವಾಸಕೋಶವೇ ಗಾಯದ ಗುರುತಿನ ಹಾಗೆ ಗಟ್ಟಿಯಾಗುತ್ತಾ ಹೋಗುತ್ತೆ. ವೈದ್ಯಕೀಯದಲ್ಲಿ ಇದಕ್ಕೆ ಹಾರ್ಡ್ ಮೆಟಲ್ ಲಂಗ್ ಡಿಸೀಸ್ ಅಂತಲೇ ಹೆಸರು. ನೀರು ಬೆರೆಸಿದ ಕೂಲಂಟ್ ಹಾಕಿ ಗ್ರೈಂಡ್ ಮಾಡಿದರೆ ಧೂಳು ಏಳಲ್ಲ, ಬಚಾವ್ ಅಂತ ನಮಗೆ ಹೇಳಿಕೊಟ್ಟಿದ್ದರು. ಆದರೆ ಕೋಬಾಲ್ಟ್ ಕೂಲಂಟ್‌ನಲ್ಲಿ ಕರಗುತ್ತೆ. ಅದೇ ಕೂಲಂಟನ್ನು ವಾರಗಟ್ಟಲೆ ತಿರುಗಿಸಿದರೆ ಅದರ ತುಂತುರೇ ಒಳಗೆ ಹೋಗುತ್ತೆ. ಇದನ್ನು ನಮ್ಮ ಪಠ್ಯದಲ್ಲಿ ಯಾರೂ ಹೇಳಲಿಲ್ಲ.

ಒಳಗೆ ಹೋದ ಕೋಬಾಲ್ಟ್ ಮೂತ್ರದಲ್ಲಿ ಸಿಗುತ್ತೆ. ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಸ್ಥೆ ಎಸಿಜಿಐಎಚ್ ಇದಕ್ಕೆ ಒಂದು ಸೂಚಿ ಮಟ್ಟ ಇಟ್ಟಿದೆ: ಲೀಟರ್ ಮೂತ್ರಕ್ಕೆ 15 ಮೈಕ್ರೋಗ್ರಾಂ. ಮಾದರಿ ತೆಗೆದುಕೊಳ್ಳಬೇಕಾದ್ದು ಯಾವಾಗ ಅನ್ನೋದನ್ನೂ ಅದು ಹೇಳುತ್ತೆ: ಕೆಲಸದ ವಾರದ ಕೊನೆಯಲ್ಲಿ, ಶಿಫ್ಟ್ ಮುಗಿದ ಮೇಲೆ. ಯಾಕಂದ್ರೆ ಒಳಗೆ ಹೋದ ಕೋಬಾಲ್ಟ್‌ನ ಬಹುಪಾಲು ಕೆಲವೇ ದಿನಗಳಲ್ಲಿ ಹೊರಗೆ ಹೋಗಿಬಿಡುತ್ತೆ. ಶನಿವಾರ ಸಂಜೆ ಪರೀಕ್ಷೆ ಮಾಡಿದರೆ ಒಂದು ಸಂಖ್ಯೆ, ದಸರಾ ರಜೆ ಮುಗಿಸಿ ಬಂದ ದಿನ ಬೆಳಿಗ್ಗೆ ಮಾಡಿದರೆ ಬೇರೆಯೇ ಸಂಖ್ಯೆ.

ಈಗ ಯೋಚನೆ ಮಾಡಿ. ಹತ್ತು ವರ್ಷ ಗ್ರೈಂಡರ್ ಮುಂದೆ ಕೂತು, ಉಸಿರು ಕಟ್ಟೋಕೆ ಶುರುವಾಗಿ, ಕೆಲಸ ಬಿಟ್ಟು ಊರಿಗೆ ಹೋದವರೊಬ್ಬರು ಒಂದು ವರ್ಷದ ನಂತರ ಪರಿಹಾರ ಕೇಳ್ತಾರೆ. ಯಾರೋ ಜಾಣ ವಕೀಲ ‘ಮೂತ್ರ ಪರೀಕ್ಷೆ ಮಾಡಿಸಿ ನೋಡೋಣ’ ಅಂತಾನೆ. ವರದಿ ಶುದ್ಧವಾಗಿ ಬರುತ್ತೆ. ಶ್ವಾಸಕೋಶ ಮಾತ್ರ ಶುದ್ಧವಾಗಿಲ್ಲ. ಇದರ ಉಲ್ಟಾ ಕೂಡ ನಿಜ. ಈ ಕಾಯಿಲೆ ಧೂಳಿನ ಪ್ರಮಾಣಕ್ಕೆ ತಕ್ಕಂತೆ ಲೆಕ್ಕ ಹಾಕಿ ಬರಲ್ಲ, ದೇಹದ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ಕೋಬಾಲ್ಟ್‌ಗೆ ವಿಪರೀತವಾಗಿ ಪ್ರತಿಕ್ರಿಯಿಸುತ್ತೆ. ಹಾಗಾಗಿ ಮೂತ್ರದಲ್ಲಿ 30 ಮೈಕ್ರೋಗ್ರಾಂ ಇರುವವರು ಏನೂ ಆಗದೆ ನಿವೃತ್ತರಾಗಬಹುದು, 10 ಇರುವವರು ಹಾಸಿಗೆ ಹಿಡಿಯಬಹುದು. ಅಂದರೆ ಆ ಸಂಖ್ಯೆ ‘ಈ ಶೆಡ್‌ನ ಗಾಳಿ ಕೆಟ್ಟಿದೆ’ ಅಂತ ಚೆನ್ನಾಗಿ ಹೇಳುತ್ತೆ. ‘ಈ ಮನುಷ್ಯನಿಗೆ ಕಾಯಿಲೆ ಇದೆ’ ಅಂತ ಹೇಳಲ್ಲ. ಎರಡೂ ಬೇರೆ ಬೇರೆ ಪ್ರಶ್ನೆ. ಸರ್ಕಾರಿ ಉತ್ತರಗಳೂ, ಕಂಪನಿ ವಕೀಲರೂ, ಕೆಲವೊಮ್ಮೆ ನಮ್ಮ ಹೋರಾಟಗಾರ ಗೆಳೆಯರೂ ಇವೆರಡನ್ನೂ ಕಲಸಿಬಿಡ್ತಾರೆ.

ಕ್ಯಾಡ್ಮಿಯಂ ಕಥೆ ಕೋಬಾಲ್ಟ್‌ಗೆ ಪೂರಾ ತದ್ವಿರುದ್ಧ. ಇದು ಮೈಗೆ ಬಂದರೆ ಹೋಗಲ್ಲ. ಮೂತ್ರಪಿಂಡದಲ್ಲಿ ಠಿಕಾಣಿ ಹೂಡುತ್ತೆ, ಅರ್ಧದಷ್ಟು ಹೊರಗೆ ಹೋಗೋಕೆ 10ರಿಂದ 30 ವರ್ಷ ಬೇಕು. ರಕ್ತದ ಕ್ಯಾಡ್ಮಿಯಂ ಇತ್ತೀಚಿನ ತಿಂಗಳುಗಳ ಸುದ್ದಿ ಹೇಳಿದರೆ, ಮೂತ್ರದ ಕ್ಯಾಡ್ಮಿಯಂ ಜೀವಮಾನದ ಲೆಕ್ಕ ಹೇಳುತ್ತೆ. ತಂಬಾಕಿನ ಗಿಡ ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಹೀರಿ ಎಲೆಯಲ್ಲಿ ಕೂಡಿಡುವುದರಲ್ಲಿ ಎತ್ತಿದ ಕೈ. ಹುಣಸೂರು, ಪಿರಿಯಾಪಟ್ಟಣದಲ್ಲಿ ಬೆಳೆದಿರಲಿ, ಬ್ರೆಜಿಲ್‌ನಲ್ಲಿ ಬೆಳೆದಿರಲಿ, ಗಿಡದ ಸ್ವಭಾವ ಒಂದೇ. ಹಾಗಾಗಿ ಧೂಮಪಾನಿಗಳ ಮೈಯಲ್ಲಿ ಬೇರೆಯವರಿಗಿಂತ ಸುಮಾರು ಎರಡು ಪಟ್ಟು ಕ್ಯಾಡ್ಮಿಯಂ ಇರುತ್ತೆ.

2004ರಲ್ಲಿ ಥೋರಾಕ್ಸ್ ಎಂಬ ಶ್ವಾಸಕೋಶ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ 16 ಸಾವಿರದಷ್ಟು ವಯಸ್ಕರ ದತ್ತಾಂಶ. ಈಗ ಸೇದುವವರು ಮತ್ತು ಹಿಂದೆ ಸೇದುತ್ತಿದ್ದವರಲ್ಲಿ ಮೂತ್ರದ ಕ್ಯಾಡ್ಮಿಯಂ ಹೆಚ್ಚಿದ್ದಷ್ಟೂ ಊದುವ ಶಕ್ತಿ, ಅಂದ್ರೆ ಸ್ಪೈರೋಮೀಟರ್‌ನ ಓದು, ಕಮ್ಮಿ ಇತ್ತು. ಅದ್ಭುತ, ಸಿಕ್ಕಿತಲ್ಲ ಪುರಾವೆ ಅಂದುಕೊಳ್ತೀರಿ. ತಾಳಿ. ಹೆಚ್ಚು ಸೇದಿದವರ ಮೈಯಲ್ಲಿ ಕ್ಯಾಡ್ಮಿಯಂ ಹೆಚ್ಚು, ಹೆಚ್ಚು ಸೇದಿದವರ ಶ್ವಾಸಕೋಶ ಕೆಟ್ಟಿರೋದೂ ಹೆಚ್ಚು. ‘ದಿನಕ್ಕೆ ಎಷ್ಟು ಸೇದ್ತೀರಿ’ ಅಂತ ಕೇಳಿದರೆ ಯಾರೂ ಸರಿಯಾದ ಲೆಕ್ಕ ಕೊಡಲ್ಲ, ಮೂತ್ರಪಿಂಡ ಕೊಡುತ್ತೆ. ಹಾಗಾದರೆ ಕ್ಯಾಡ್ಮಿಯಂ ಇಲ್ಲಿ ಅಪರಾಧಿಯಾ ಅಥವಾ ಬರೀ ಸಾಕ್ಷಿಯಾ? ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ, ಕ್ಯಾಡ್ಮಿಯಂ ಹೊಗೆ ಕುಡಿದ ಕಾರ್ಮಿಕರಲ್ಲಿ ಅದು ತಾನೇ ಶ್ವಾಸಕೋಶ ಹಾಳು ಮಾಡುತ್ತೆ ಅಂತ ಕಂಡಿದೆ. ಸಿಗರೇಟು ಸೇದುವವರಲ್ಲಿ ಎರಡೂ ಪಾತ್ರ ಒಟ್ಟಿಗೆ ಇವೆ, ಬಿಡಿಸೋದು ಕಷ್ಟ. ಈ ಕಷ್ಟವನ್ನು ವಿಜ್ಞಾನಿ ಪ್ರಾಮಾಣಿಕವಾಗಿ ತನ್ನ ಲೇಖನದ ಕೊನೆಯಲ್ಲಿ ಬರೀತಾರೆ. ಅದೇ ಸಾಲು ಸಚಿವಾಲಯದ ಟಿಪ್ಪಣಿಗೆ ಬಂದಾಗ ‘ನಿರ್ಣಾಯಕ ಅಲ್ಲ’ ಆಗುತ್ತೆ.

ತಾಮ್ರ ಮತ್ತು ಸತುವಿನ ಬಗ್ಗೆ ಹೆಚ್ಚು ಹೊತ್ತು ಕಳೆಯಲ್ಲ. ಟಿಬಿ, ಶ್ವಾಸಕೋಶದ ಕ್ಯಾನ್ಸರ್, ಸಿಒಪಿಡಿ ಎಲ್ಲದರಲ್ಲೂ ರಕ್ತದಲ್ಲಿ ತಾಮ್ರ ಏರಿ ಸತು ಇಳಿಯುತ್ತೆ, ಎರಡರ ಅನುಪಾತ ಒಳ್ಳೆಯ ಗುರುತು ಅಂತ ಸಾಕಷ್ಟು ಪ್ರಬಂಧಗಳು ಬಂದಿವೆ, ಭಾರತದ ವೈದ್ಯಕೀಯ ಕಾಲೇಜುಗಳಿಂದಲೂ. ಆದರೆ ಮೈಯಲ್ಲಿ ಎಲ್ಲೇ ಉರಿಯೂತ ಆದರೂ ಯಕೃತ್ತು ತಾಮ್ರ ಹೊರುವ ಪ್ರೋಟೀನನ್ನು ಹೆಚ್ಚು ಮಾಡುತ್ತೆ, ಸತುವನ್ನು ಒಳಗೆ ಎಳೆದುಕೊಳ್ಳುತ್ತೆ. ಗರ್ಭಿಣಿಯರಲ್ಲೂ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲೂ ತಾಮ್ರ ಏರುತ್ತೆ. ಮನೆಯಲ್ಲಿ ಫೈರ್ ಅಲಾರಂ ಹೊಡೀತಿದೆ ಅಂದರೆ ಎಲ್ಲೋ ಬೆಂಕಿ ಇದೆ ಅಂತ ಗೊತ್ತಾಗುತ್ತೆ, ಯಾವ ಕೋಣೆ ಅಂತಲ್ಲ. ಚಿಕಿತ್ಸೆ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಬೇಕಾದರೆ ಉಪಯೋಗ ಆದೀತು.

ಉಸಿರಿನ ಪ್ರಯೋಗ ಇದಕ್ಕಿಂತ ಚೆಂದ. ಚಳಿಯ ಬೆಳಿಗ್ಗೆ ಬಸ್ಸಿನ ಗಾಜಿನ ಮೇಲೆ ಉಸಿರು ಹನಿಗಟ್ಟುತ್ತಲ್ಲ, ಅದನ್ನೇ ತಣ್ಣನೆಯ ಕೊಳವೆಯಲ್ಲಿ ಸಂಗ್ರಹಿಸಿ ಅದರೊಳಗಿನ ಲೋಹ ಅಳೆಯೋದು. ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದ ತಂಡ ಇದರಲ್ಲಿ ಬಹಳ ಕೆಲಸ ಮಾಡಿದೆ. ಸಿಒಪಿಡಿ ಇರುವವರ, ಧೂಮಪಾನಿಗಳ ಉಸಿರಿನ ಹನಿಯಲ್ಲಿ ಸೀಸ, ಕ್ಯಾಡ್ಮಿಯಂ ಹೆಚ್ಚಿರೋದನ್ನು 2006ರಲ್ಲೇ ತೋರಿಸಿದರು. ಕ್ರೋಮಿಯಂ ಪ್ಲೇಟಿಂಗ್ ಕಾರ್ಮಿಕರ ಉಸಿರಿನಲ್ಲಿ ಕ್ರೋಮಿಯಂ ಹುಡುಕಿದರು. ರಕ್ತ, ಮೂತ್ರ ಇಡೀ ದೇಹದ ಸರಾಸರಿ ಹೇಳಿದರೆ ಇದು ನೇರ ಶ್ವಾಸಕೋಶದ ಮಾತು. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ನಡುವೆ ಓಡಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಇದೆ ಅನ್ನೋದು ಎಲ್ಲರಿಗೂ ಗೊತ್ತಿರುವ ಸಂಗತಿ, ಆ ನೀರಿನ ಮಾದರಿ ಎಷ್ಟು ಬಾರಿ ತೆಗೆದಿದ್ದಾರೋ! ಕಾರ್ಮಿಕರ ಉಸಿರಿನ ಮಾದರಿಯ ಮಾತು ಎತ್ತಿದ್ದನ್ನು ನಾನಂತೂ ಯಾವ ಸಭೆಯಲ್ಲೂ ಕೇಳಿಲ್ಲ.

ಆದರೆ ಇದಿನ್ನೂ ಪ್ರಯೋಗಾಲಯದ ಸಾಧನ. ಹನಿಯಲ್ಲಿ ಬಹುಪಾಲು ಬರೀ ನೀರಾವಿ, ಅದು ಎಷ್ಟು ತೆಳುವಾಗಿದೆ ಅಂತ ಸರಿದೂಗಿಸೋಕೆ ಎಲ್ಲರೂ ಒಪ್ಪಿದ ವಿಧಾನ ಇಲ್ಲ. ಮಾದರಿ ಕಲುಷಿತ ಆಗೋದು ಇನ್ನೊಂದು ತಲೆನೋವು. ರಕ್ತದ ಪರೀಕ್ಷೆಯಲ್ಲೂ ಅಷ್ಟೆ. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಿಂದ ಸತು, ಸ್ಟೀಲ್ ಸೂಜಿಯಿಂದ ಕ್ರೋಮಿಯಂ, ನಿಕಲ್ ಸೇರಿಕೊಳ್ಳುತ್ತೆ. ಅದಕ್ಕೇ ಕಡು ನೀಲಿ ಮುಚ್ಚಳದ ಪ್ರತ್ಯೇಕ ಟ್ಯೂಬ್ ಬೇಕು. ಅಳೆಯುವ ಐಸಿಪಿ-ಎಂಎಸ್ ಯಂತ್ರ ಕೋಟಿ ರೂಪಾಯಿ ಲೆಕ್ಕದ್ದು. ಸೆನ್ಸರ್ ಕ್ಯಾಲಿಬ್ರೇಟ್ ಮಾಡದೆ ಗ್ರಾಫ್ ಹಾಕಿದರೆ ನಮ್ಮ ಲ್ಯಾಬ್ ಮೇಷ್ಟ್ರು ರೆಕಾರ್ಡ್ ಪುಸ್ತಕ ಎಸೀತಿದ್ದರು, ಇಲ್ಲೂ ಅದೇ ಶಿಸ್ತು ಬೇಕು.

ಈಗ ನಮ್ಮದೇ ನೆಲಕ್ಕೆ ಬರೋಣ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾಗಿದ್ದು ಕೋಲಾರದ ಚಿನ್ನದ ಗಣಿಯಲ್ಲಿ, 1934ರಲ್ಲಿ. 1940ರಿಂದ 46ರ ನಡುವೆ ತಪಾಸಣೆ ಮಾಡಿದ 7,653 ಕಾರ್ಮಿಕರಲ್ಲಿ 3,402 ಜನರಿಗೆ ಸಿಲಿಕೋಸಿಸ್ ಇತ್ತು. ನೂರಕ್ಕೆ ನಲವತ್ತಕ್ಕೂ ಹೆಚ್ಚು! ಆಗ ಯಾವ ಐಸಿಪಿ-ಎಂಎಸ್ಸೂ ಇರಲಿಲ್ಲ. ಎಕ್ಸ್‌ರೇ ಇತ್ತು, ಯಾರು ಎಷ್ಟು ವರ್ಷ ಯಾವ ಕೆಲಸ ಮಾಡಿದರು ಅಂತ ಗಣಿಯ ಪುಸ್ತಕ ಇತ್ತು, ಹೋಗಿ ಪರೀಕ್ಷೆ ಮಾಡುವ ಮನಸ್ಸಿತ್ತು. ಎಂಬತ್ತು ವರ್ಷದ ಹಿಂದೆ ‘ನಿರ್ಣಾಯಕ’ ಆಗೋಕೆ ಅಷ್ಟು ಸಾಕಾಗಿತ್ತು.

ಸಿಲಿಕೋಸಿಸ್ ಈ ಇಡೀ ಲೋಹದ ಚರ್ಚೆಗೆ ಒಂದು ತೊಡಕಿನ ಪ್ರಶ್ನೆ ಹಾಕುತ್ತೆ. ದೇಶದ ಅತಿ ದೊಡ್ಡ ಧೂಳಿನ ಕಾಯಿಲೆಗೆ ಕಾರಣವಾದ ಸಿಲಿಕಾ ಲೋಹ ಅಲ್ಲ, ಕಲ್ಲಿನ ಪುಡಿ. ಅದು ಶ್ವಾಸಕೋಶದಲ್ಲಿ ಕೂತುಬಿಡುತ್ತೆ, ರಕ್ತದಲ್ಲೋ ಮೂತ್ರದಲ್ಲೋ ಅಳೆದು ಕಾಯಿಲೆ ಹೇಳೋಕಾಗಲ್ಲ. ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ಹಾನಿ ಆಗಿಹೋಗಿರುತ್ತೆ. ಅದಕ್ಕೆ ಅಹಮದಾಬಾದ್‌ನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬೇರೆ ದಾರಿ ಹಿಡಿದಿದೆ. ಶ್ವಾಸನಾಳದ ಒಂದು ಬಗೆಯ ಕೋಶಗಳು ಸಿಸಿ16 ಎಂಬ ಪ್ರೋಟೀನ್ ಮಾಡುತ್ತವೆ. ಧೂಳಿನಿಂದ ಆ ಕೋಶಗಳು ಸತ್ತಂತೆ ರಕ್ತದಲ್ಲಿ ಸಿಸಿ16 ಇಳಿಯುತ್ತೆ. ಕೋವಿಡ್ ಕಿಟ್‌ನಂಥ ಪಟ್ಟಿಯ ಮೇಲೆ ಅದನ್ನು ನೋಡುವ ಪರೀಕ್ಷೆಯನ್ನು ಅವರು ಅಭಿವೃದ್ಧಿಪಡಿಸಿದ್ದಾರೆ. ಬೀಡಿ ಸಿಗರೇಟು ಸೇದುವವರಲ್ಲೂ ಸಿಸಿ16 ಕಮ್ಮಿ ಇರುತ್ತೆ, ಹಾಗಾಗಿ ಇದೊಂದೇ ಸಾಲದು. ಆದರೆ ಕಲ್ಲು ಕ್ರಷರ್ ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಿ, ಯಾರನ್ನು ಎಕ್ಸ್‌ರೇಗೆ ಕಳಿಸಬೇಕು ಅಂತ ತೀರ್ಮಾನ ಮಾಡಬಹುದು. ಕೋಟಿಯ ಯಂತ್ರಕ್ಕಿಂತ ಈ ಪಟ್ಟಿ ನನಗೆ ಹೆಚ್ಚು ರಾಜಕೀಯ ವಸ್ತುವಾಗಿ ಕಾಣುತ್ತೆ. ಇಳಕಲ್‌ಗೂ ಚಾಮರಾಜನಗರದ ಗ್ರಾನೈಟ್ ಕ್ವಾರಿಗಳಿಗೂ ಅದು ಯಾವಾಗ ಬರುತ್ತೆ ಅಂತ ನಮ್ಮ ಶಾಸಕರನ್ನು ಕೇಳಬಹುದಾದ ಪ್ರಶ್ನೆ ಇದು.

ಕಾನೂನು ಏನು ಹೇಳುತ್ತೆ? ಇಲ್ಲಿ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೇ ಷೆಡ್ಯೂಲ್‌ನಲ್ಲಿ ‘ಹಾರ್ಡ್ ಮೆಟಲ್‌ನಿಂದ ಬರುವ ಶ್ವಾಸಕೋಶದ ಕಾಯಿಲೆಗಳು’ ಅಂತಲೇ ಒಂದು ನಮೂದು ಇದೆ. ಷೆಡ್ಯೂಲ್‌ನ ಕಾಯಿಲೆ ಬಂದು, ಸಂಬಂಧಪಟ್ಟ ಕೆಲಸವನ್ನು ನಿಗದಿತ ಅವಧಿ ಮಾಡಿದ್ದರೆ, ಅದು ಕೆಲಸದಿಂದಲೇ ಬಂದದ್ದು ಅಂತ ಕಾನೂನು ಭಾವಿಸುತ್ತೆ. ಅಲ್ಲ ಅಂತ ಸಾಬೀತು ಮಾಡಬೇಕಾದವನು ಮಾಲೀಕ. ಅಂದರೆ ಒಂದು ಶತಮಾನದ ಹಿಂದಿನ ಕಾಯ್ದೆಗೂ ಗೊತ್ತಿತ್ತು, ಒಬ್ಬ ಬಡ ಕಾರ್ಮಿಕ ‘ನಿರ್ಣಾಯಕ ಪುರಾವೆ’ ತರೋಕಾಗಲ್ಲ ಅಂತ. ಆ ಶೆಡ್‌ನ ಅಣ್ಣನಿಗೆ ಬೇಕಾಗಿದ್ದು ಎರಡೇ: ಕಾಯಿಲೆಗೆ ಸರಿಯಾದ ಹೆಸರು ಬರೆದುಕೊಡುವ ವೈದ್ಯರು, ಇಷ್ಟು ವರ್ಷ ಇಲ್ಲಿ ಗ್ರೈಂಡಿಂಗ್ ಮಾಡಿದ್ದಾರೆ ಅಂತ ಹೇಳುವ ಒಂದು ಕಾಗದ. ಎರಡೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಹೆಲ್ಪರ್’ ಅಂತಿತ್ತು.

ಆ ಹಳೆಯ ಪಟ್ಟಿ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಷೆಡ್ಯೂಲ್‌ಗೆ ಬಂದಿದೆ. 2025ರ ನವೆಂಬರ್ 21ರಂದು ನಾಲ್ಕೂ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಾಗ ಸರ್ಕಾರ ದೊಡ್ಡದಾಗಿ ಹೇಳಿದ ಮಾತುಗಳಲ್ಲಿ ಒಂದು, 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ. ಒಳ್ಳೆಯದೇ. ಆದರೆ ಹದಿನೆಂಟಕ್ಕೆ ಕ್ರಷರ್‌ಗೆ ಸೇರಿದ ಹುಡುಗನ ಶ್ವಾಸಕೋಶ 40ರವರೆಗೆ ಕಾಯುತ್ತಾ? ಅಪಾಯಕಾರಿ ಕೈಗಾರಿಕೆಗಳಿಗೆ ಬೇರೆ, ಬಿಗಿಯಾದ ನಿಯಮಗಳಿವೆ ಅಂತ ಹೇಳ್ತಾರೆ, ಇವೆ. ಆದರೆ ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಅನ್ನಿಸಿಕೊಳ್ಳೋಕೆ ಮೊದಲು 10 ಜನ ಸಾಕಿತ್ತು, ಹೊಸ ಸಂಹಿತೆಯಲ್ಲಿ 20 ಬೇಕು. ಅಪಾಯಕಾರಿ ಕೆಲಸಕ್ಕೆ ಒಬ್ಬನೇ ಕಾರ್ಮಿಕ ಇದ್ದರೂ ಸಂಹಿತೆ ಅನ್ವಯಿಸಬಹುದು ಅಂತ ಸರ್ಕಾರಕ್ಕೆ ಅಧಿಕಾರ ಇದೆ. ಆ ಅಧಿಸೂಚನೆಯಲ್ಲಿ ಎಂಟು ಜನರ ಸಾಣೆ ಶೆಡ್ ಸೇರುತ್ತಾ ಅನ್ನೋದೇ ಪ್ರಶ್ನೆ. ರಾಜಸ್ಥಾನ 2019ರಲ್ಲಿ ಧೂಳಿನ ಕಾಯಿಲೆಗೇ ಪ್ರತ್ಯೇಕ ನೀತಿ ತಂದು, ಪ್ರಮಾಣಪತ್ರ ಸಿಕ್ಕವರಿಗೆ 3 ಲಕ್ಷ, ಸತ್ತರೆ ಕುಟುಂಬಕ್ಕೆ 2 ಲಕ್ಷ ಅಂತ ಮಾಡಿತು. ಪರಿಪೂರ್ಣ ಅಲ್ಲ, ಆದರೆ ಅಲ್ಲಿ ಪ್ರಶ್ನೆ ‘ಯಾವ ಮಾಲೀಕ’ ಅಂತ ಶುರುವಾಗಲ್ಲ.

ಇದರ ನಡುವೆ ಒಂದು ತಮಾಷೆ ನೋಡಿ. ನಿಮ್ಮ ಫೋನಿನಲ್ಲಿ ‘ಹೆವಿ ಮೆಟಲ್ ಪ್ಯಾನೆಲ್’ ಜಾಹೀರಾತು ಬಂದಿರಬಹುದು. ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ, ಇಪ್ಪತ್ತು ಲೋಹಗಳ ಬಣ್ಣಬಣ್ಣದ ವರದಿ ಬರುತ್ತೆ. ಧೂಳೇ ಇಲ್ಲದ ಆಫೀಸಿನಲ್ಲಿ ಕೂತವರು ಸಾವಿರಾರು ರೂಪಾಯಿ ಕೊಟ್ಟು ಮಾಡಿಸ್ತಾರೆ. ಕೆಲವು ಕಡೆ ಲೋಹ ಹೊರಹಾಕುವ ಔಷಧಿ ಕೊಟ್ಟು ಆಮೇಲೆ ಮೂತ್ರ ಪರೀಕ್ಷೆ ಮಾಡಿ ‘ನೋಡಿ ಎಷ್ಟೊಂದು’ ಅಂತ ಹೆದರಿಸೋದೂ ಇದೆ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಅಮೆರಿಕದ ವಿಷವೈದ್ಯರ ಸಂಘ 2010ರಲ್ಲೇ ಹೇಳಿದೆ. ಪರೀಕ್ಷೆ ಬೇಕಾದವರಿಗೆ ಸಿಗದೆ, ಬೇಡದವರಿಗೆ ಮಾರಾಟ ಆಗ್ತಿದೆ.

ಹಾಗಂತ ಮೈಯೊಳಗಿನ ಲೋಹದ ಸಂಖ್ಯೆ ರಾಜಕೀಯವಾಗಿ ನಿಷ್ಪ್ರಯೋಜಕ ಅಂತ ನಾನು ಹೇಳ್ತಿಲ್ಲ. ಶ್ವಾಸಕೋಶದ ವಿಷಯ ಅಲ್ಲದಿದ್ದರೂ ಸೀಸದ ಉದಾಹರಣೆ ಬೆಂಗಳೂರಿನದ್ದೇ ಇದೆ. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಫೌಂಡೇಷನ್ ಬೆಂಗಳೂರು ಸೇರಿ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, 12ರ ಒಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನರಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟ ಮೀರಿತ್ತು. ಸೀಸ ಬೆರೆಸಿದ ಪೆಟ್ರೋಲ್ ನಿಲ್ಲಿಸುವ ಕೆಲಸ ಅದಾಗಲೇ ಶುರುವಾಗಿತ್ತು, 2000ದಲ್ಲಿ ಪೂರ್ತಿ ನಿಂತಿತು. ಯಾವ ಮಗುವಿನ ಯಾವ ಕಾಯಿಲೆಗೆ ಸೀಸ ಕಾರಣ ಅಂತ ಒಬ್ಬೊಬ್ಬರದ್ದೂ ಸಾಬೀತು ಮಾಡಿ ಅಂತ ಯಾರೂ ಕೇಳಲಿಲ್ಲ. ಇಷ್ಟು ಮಕ್ಕಳ ರಕ್ತದಲ್ಲಿ ಇರಬಾರದ್ದು ಇದೆ, ಮೂಲ ನಿಲ್ಲಿಸಿ ಅಂದರು, ಅಷ್ಟೇ. ಸಂಖ್ಯೆಯನ್ನು ಬಳಸಬೇಕಾದ ಜಾಗ ಅದು. ಒಂದು ಶೆಡ್‌ನ ಹತ್ತೂ ಜನರ ಮೂತ್ರದಲ್ಲಿ ಶನಿವಾರ ಸಂಜೆ ಕೋಬಾಲ್ಟ್ 15 ಮೀರಿದರೆ, ಯಾರಿಗೆ ಕಾಯಿಲೆ ಬಂದಿದೆ ಅಂತ ಕಾಯದೆ ಕೆಟ್ಟ ಫ್ಯಾನ್ ರಿಪೇರಿ ಮಾಡಿಸುವ ಆದೇಶ ಹೊರಡಬೇಕು. ಇಂಥ ಆದೇಶ ಕೊಡಬೇಕಾದ್ದು ಕಾರ್ಖಾನೆ ಇಲಾಖೆ, ಆಸ್ಪತ್ರೆಯಲ್ಲ. ಹೊಸ ಸಂಹಿತೆಗಳಲ್ಲಿ ಇನ್‌ಸ್ಪೆಕ್ಟರ್ ಹೆಸರು ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’ ಆಗಿದೆ. ಯಾರಿಗೆ ಫೆಸಿಲಿಟೇಟ್ ಮಾಡ್ತಾರೆ ಅನ್ನೋದನ್ನ ನೋಡಬೇಕು.

ಇನ್ನು ಕಾಗದದ ವಿಷಯ. 1995ರಲ್ಲಿ ಆಸ್‌ಬೆಸ್ಟಾಸ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾರ್ಮಿಕನ ಆರೋಗ್ಯವನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಜೊತೆಗೆ, ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷದವರೆಗೆ ಅವರ ಆರೋಗ್ಯದ ದಾಖಲೆ ಇಡಬೇಕು ಅಂತ ಆ ಕಾರ್ಖಾನೆಗಳಿಗೆ ಆದೇಶಿಸಿತು. ನಲವತ್ತು ವರ್ಷ ಯಾಕೆ ಅಂದರೆ ಆಸ್‌ಬೆಸ್ಟಾಸ್ ಕಾಯಿಲೆ ಅಷ್ಟು ನಿಧಾನಕ್ಕೆ ಬರುತ್ತೆ. ಈಗ ಗುತ್ತಿಗೆ ಕಾರ್ಮಿಕ ಎರಡು ವರ್ಷಕ್ಕೆ ಮೂರು ಕಡೆ ಬದಲಾಗ್ತಾನೆ. ಅವನ ಆರೋಗ್ಯದ ದಾಖಲೆ ಕಾರ್ಖಾನೆಯ ಬೀರುವಿನಲ್ಲಿ ಇದ್ದು ಏನು ಪ್ರಯೋಜನ? ಆಧಾರ್‌ಗೆ, ಪಿಎಫ್‌ಗೆ, ಇ-ಶ್ರಮ್‌ಗೆ ಎಲ್ಲದಕ್ಕೂ ನಂಬರ್ ಇದೆ. ಆ ನಂಬರಿನ ಎದುರು ‘ಗ್ರೈಂಡಿಂಗ್, ಕಾರ್ಬೈಡ್, 9 ವರ್ಷ’ ಅಂತ ಒಂದು ಸಾಲು ಬರೆಯೋಕೆ ಯಾವ ತಂತ್ರಜ್ಞಾನ ಕಮ್ಮಿ ಇದೆ ಅಂತ ಇಂಜಿನಿಯರಿಂಗ್ ಓದಿದ ನನಗಂತೂ ಅರ್ಥ ಆಗಿಲ್ಲ.

ಹೋದ ವರ್ಷ ಆ ವರ್ಕ್‌ಶಾಪ್ ಇದ್ದ ಬೀದಿಗೆ ಮತ್ತೆ ಹೋಗಿದ್ದೆ. ಶೆಡ್ ಇಲ್ಲ, ಆ ಜಾಗದಲ್ಲಿ ಪಿಜಿ ಬಂದಿದೆ. ಪಕ್ಕದ ಟೀ ಅಂಗಡಿಯವರಿಗೆ ಆ ಅಣ್ಣನ ನೆನಪಿತ್ತು. ‘ಯಾವಾಗ್ಲೂ ಕೆಮ್ಮೋರಲ್ಲ, ಅವ್ರಾ? ಊರಿಗೆ ಹೋದ್ರು. ಟಿಬಿ ಇತ್ತಂತೆ ಪಾಪ’ ಅಂದರು.